ಎರಡನೆಯ ಮೇಷ್ಟ್ರಿಗೂ ವೇಳಾಪಟ್ಟಿಯಲ್ಲಿ ಜಾಗವಿರಲಿ



ಜೂನ್ ಬಂತೆಂದರೆ ಮುಖ್ಯ ಶಿಕ್ಷಕರು ಮಾಡುವ ಮೊದಲ ಕೆಲಸಗಳಲ್ಲಿ ವೇಳಾಪಟ್ಟಿ ಬರೆಯುವುದೂ ಒಂದು. ಯಾವ ತರಗತಿಗೆ, ಯಾವ ಅವಧಿಯಲ್ಲಿ, ಯಾರು, ಯಾವ ವಿಷಯ ಎಂದು ಗೀಟು ಹಾಕಿ ಬರೆದು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ನಮ್ಮ ಹುಳಿಯಾರು ಹೋಬಳಿಯಲ್ಲಾಗಲಿ, ಪಕ್ಕದ ತಿಪಟೂರು, ತುರುವೇಕೆರೆ ಕಡೆಯಲ್ಲಾಗಲಿ ನಾನು ನೋಡಿದ ಇಂಥ ಹಾಳೆಗಳಲ್ಲಿ ಒಬ್ಬರ ಹೆಸರು ಅಪರೂಪ. ಅವರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಶಾಲೆ ಶಾಲೆಗೆ ಹೋಗಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಅವರು ಬಿ.ಐ.ಇ.ಆರ್.ಟಿ. ಆ ಹೆಸರು ವೇಳಾಪಟ್ಟಿಗೆ ಬರಬೇಕು, ಅದನ್ನು ಬರೆಯಬೇಕಾದವರು ಶಾಲೆಯ ಆಡಳಿತ ನಡೆಸುವವರು ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ಮಾತು.

ಕಾನೂನಿನ ಕಡೆಯಿಂದ ಈ ಮಕ್ಕಳ ಹಕ್ಕಿನ ಬಗ್ಗೆ ಅನುಮಾನವೇನೂ ಉಳಿದಿಲ್ಲ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿ ಓದಿಸುವ ಕೇಂದ್ರದ ಯೋಜನೆ ಶುರುವಾದದ್ದು 1974ರಲ್ಲಿ. 1995ರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕಲಿಕಾ ನ್ಯೂನತೆ, ಆಟಿಸಂ ಇವೆಲ್ಲ ಪಟ್ಟಿಗೆ ಸೇರಿದ್ದು ಆಗಲೇ. ಆ ಕಾಯ್ದೆಯ 16ನೇ ಕಲಂ ಪ್ರಕಾರ, ಸರ್ಕಾರದಿಂದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಪ್ರತಿ ಶಾಲೆಯೂ ಈ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಉಳಿದ ಮಕ್ಕಳ ಜೊತೆಯಲ್ಲೇ ಕಲಿಸಬೇಕು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಮಕ್ಕಳಿಗೆ ಎಷ್ಟು ಜನ ವಿಶೇಷ ಶಿಕ್ಷಕರಿರಬೇಕೆಂಬ ಮಾನದಂಡವನ್ನು ಗೊತ್ತುಪಡಿಸುವಂತೆ ಕೇಂದ್ರಕ್ಕೆ ಹೇಳಿತು. 2022ರಲ್ಲಿ ಕೇಂದ್ರ ಅದನ್ನು ಗೊತ್ತುಪಡಿಸಿತು: ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬ, ಅದರ ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಇರಬೇಕು. ರಾಜ್ಯಗಳು ಆ ಹುದ್ದೆಗಳನ್ನು ಸೃಷ್ಟಿಸಬೇಕೆಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸಿತು.

ಆ ಲೆಕ್ಕ ಹಳ್ಳಿ ಶಾಲೆಯವರೆಗೆ ಬರುವುದು ಯಾವಾಗಲೋ. ಇವತ್ತಿನ ವಾಸ್ತವ ಬೇರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಕಸಬಾ, ಹುಳಿಯಾರು, ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆ ಎಂದು ಐದು ಹೋಬಳಿ. ಸಂಪನ್ಮೂಲ ಶಿಕ್ಷಕರು ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಹುಳಿಯಾರು ಊರೇನೋ ನಾಲ್ಕಾರು ದಾರಿ ಕೂಡುವ ಜಾಗ. ಹಿರಿಯೂರು, ಹೊಸದುರ್ಗ, ಶಿರಾ, ತಿಪಟೂರು, ಅರಸೀಕೆರೆ ಎಲ್ಲ ಕಡೆಗೂ ಬಸ್ಸು ಸಿಗುತ್ತದೆ. ಅಲ್ಲಿಂದ ಹೊಯ್ಸಳಕಟ್ಟೆ, ದಸೂಡಿ ಕಡೆಯ ಒಳಹಳ್ಳಿಗೆ ಹೋಗಿ ಸಂಜೆಯೊಳಗೆ ವಾಪಸಾಗಬೇಕಾದವರಿಗೆ ಮಾತ್ರ ಪ್ರಯಾಣದ ಕಷ್ಟ ಗೊತ್ತು. ಹೀಗಾಗಿ ಇಬ್ಬರು ಶಿಕ್ಷಕರು ವರ್ಷವಿಡೀ ಒಂದೇ ಕೋಣೆಯಲ್ಲಿ ನಿಂತು ಪಾಠ ಮಾಡುವ ಚಿತ್ರ ನಮ್ಮದಲ್ಲ. ವಾರಕ್ಕೊಮ್ಮೆ, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಬರುವ ಒಬ್ಬರು, ದಿನವೂ ಇರುವ ಮತ್ತೊಬ್ಬರು ಸೇರಿ ಮಾಡುವ ಪಾಠ ನಮ್ಮದು. ಬರುವವರು ಬಂದ ದಿನ ಏನಾಗುತ್ತದೆ, ಬಾರದ ದಿನಗಳಲ್ಲಿ ಏನು ನಡೆಯುತ್ತದೆ ಎನ್ನುವುದು ಪೂರ್ತಿಯಾಗಿ ಆಡಳಿತದ ಕೈಯಲ್ಲಿದೆ.

ಸಾಮಾನ್ಯವಾಗಿ ಏನಾಗುತ್ತದೆ? ಸಂಪನ್ಮೂಲ ಶಿಕ್ಷಕಿ ಬೆಳಿಗ್ಗೆ ಹತ್ತೂವರೆಗೆ ಬಸ್ಸಿಳಿದು ಶಾಲೆಗೆ ಬರುತ್ತಾರೆ. ‘ಬನ್ನಿ ಮೇಡಂ’ ಎಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ‘ಮೂರ್ತೀನ ಕಳಿಸಪ್ಪ’ ಎಂದು ತರಗತಿಗೆ ಹೇಳಿ ಕಳಿಸುತ್ತಾರೆ. ಮಗು ಎಲ್ಲರೂ ನೋಡುತ್ತಿರುವಂತೆ ಎದ್ದು ಕಚೇರಿಗೆ ಬರುತ್ತದೆ. ಒಂದು ಮೂಲೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಮಣಿ ಪೋಣಿಸುವುದು, ಬಣ್ಣ ಗುರುತಿಸುವುದು, ಅಕ್ಷರ ತಿದ್ದುವುದು ನಡೆಯುತ್ತದೆ. ಅಷ್ಟರಲ್ಲಿ ತರಗತಿಯಲ್ಲಿ ಪಾಠ ಮುಂದೆ ಹೋಗಿರುತ್ತದೆ. ಭೇಟಿ ಪುಸ್ತಕಕ್ಕೆ ಸಹಿ ಬೀಳುತ್ತದೆ, ಮೇಡಂ ಮುಂದಿನ ಶಾಲೆಗೆ ಹೊರಡುತ್ತಾರೆ. ಮೇಷ್ಟ್ರು ಮತ್ತು ಮೇಡಂ ಒಬ್ಬರಿಗೊಬ್ಬರು ನಮಸ್ಕಾರ ಹೇಳಿದ್ದು ಬಿಟ್ಟರೆ ಬೇರೆ ಮಾತೇ ಆಗಿರುವುದಿಲ್ಲ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಕೆಲಸ ಮಾಡಿದವರೇ. ಆದರೂ ಆ ಮಗುವಿಗೆ ಸಿಕ್ಕಿದ್ದು ಅರ್ಧ ಪಾಠ ಇಲ್ಲಿ, ಅರ್ಧ ಪಾಠ ಅಲ್ಲಿ. ಇದಕ್ಕೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ಸಮನ್ವಯ ಶಿಕ್ಷಣ ಎಂಬ ಹೆಸರು ಸಲ್ಲುವುದಿಲ್ಲ.

ಬೇರೆ ದೇಶಗಳಲ್ಲಿ ಈ ವಿಷಯದ ಮೇಲೆ ಸಾಕಷ್ಟು ಚಿಂತನೆ ನಡೆದಿದೆ. ಅಮೆರಿಕದ ಲಿನ್ ಕುಕ್ ಮತ್ತು ಮೆರಿಲಿನ್ ಫ್ರೆಂಡ್ ಎಂಬ ಇಬ್ಬರು ಶಿಕ್ಷಣತಜ್ಞೆಯರು 1995ರಲ್ಲಿ ಬರೆದ ಲೇಖನ, ಇಬ್ಬರು ಶಿಕ್ಷಕರು ಸೇರಿ ಪಾಠ ಮಾಡುವ ಸಹಬೋಧನೆಗೆ ಇವತ್ತಿಗೂ ಆಧಾರ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಓಡಾಡಿ ನೆರವಾಗಬಹುದು. ತರಗತಿಯನ್ನು ಎರಡು ಗುಂಪು ಮಾಡಿ ಇಬ್ಬರೂ ಅದೇ ಪಾಠವನ್ನು ಹೇಳಬಹುದು. ಮೂರ್ನಾಲ್ಕು ಕಡೆ ಬೇರೆ ಬೇರೆ ಚಟುವಟಿಕೆ ಇಟ್ಟು ಮಕ್ಕಳನ್ನು ಸರದಿಯಲ್ಲಿ ಕಳಿಸಬಹುದು. ಇಬ್ಬರೂ ಮಾತಿಗೆ ಮಾತು ಸೇರಿಸುತ್ತಾ ಒಟ್ಟಿಗೆ ಕಲಿಸಬಹುದು. ಈ ಬಗೆಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಒಂದು ಮಾತು ಸಮಾನ: ಇಬ್ಬರೂ ಮೊದಲೇ ಕೂತು ಮಾತಾಡಿರಬೇಕು. ಕೂರುವ ಹೊತ್ತನ್ನು ಶಿಕ್ಷಕರು ತಾವಾಗಿ ಹುಟ್ಟಿಸಿಕೊಳ್ಳಲು ಆಗುವುದಿಲ್ಲ. ಅದನ್ನು ಕೊಡಬೇಕಾದವರು ಮುಖ್ಯ ಶಿಕ್ಷಕರು.

ನಮ್ಮ ಕಡೆಯ ಒಂದು ನಾಲ್ಕನೇ ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಣಿತದ ಅವಧಿ, ದಶಕ ಸಹಿತ ವ್ಯವಕಲನ. ಬೋರ್ಡಿನ ಮೇಲೆ 52ರಲ್ಲಿ 27 ಕಳೆಯಿರಿ ಎಂಬ ಲೆಕ್ಕ. ತರಗತಿಯಲ್ಲಿ ಬೌದ್ಧಿಕ ನ್ಯೂನತೆಯಿರುವ ಒಬ್ಬ ಹುಡುಗ, ಮಂದದೃಷ್ಟಿಯ ಒಬ್ಬಳು ಹುಡುಗಿ ಇದ್ದಾರೆ. ಹಿಂದಿನ ವಾರವೇ ಮೇಷ್ಟ್ರೂ ಸಂಪನ್ಮೂಲ ಶಿಕ್ಷಕಿಯೂ ಈ ಪಾಠದ ಬಗ್ಗೆ ಮಾತಾಡಿದ್ದಾರೆ. ಮಕ್ಕಳಿಂದಲೇ ತೆಂಗಿನಗರಿಯ ಕಡ್ಡಿ ತರಿಸಿದ್ದಾರೆ. ತೋಟದ ಸೀಮೆಯಲ್ಲಿ ಅದಕ್ಕೇನು ಬರ? ಹತ್ತು ಹತ್ತು ಕಡ್ಡಿಗೆ ದಾರ ಸುತ್ತಿ ಕಟ್ಟು ಮಾಡಿಟ್ಟಿದ್ದಾರೆ. ತರಗತಿ ಎರಡು ಗುಂಪಾಗಿ ಕೂತಿದೆ. ಒಂದು ಗುಂಪಿಗೆ ಮೇಷ್ಟ್ರು, ಇನ್ನೊಂದಕ್ಕೆ ಮೇಡಂ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ತೆಗೆಯಬೇಕು, ಇರುವುದು ಎರಡೇ. ‘ಈಗೇನ್ ಮಾಡೋದು?’ ಎಂದು ಮೇಡಂ ಕೇಳುತ್ತಾರೆ. ಹುಡುಗ ಒಂದು ಕಟ್ಟಿನ ದಾರ ಬಿಚ್ಚುತ್ತಾನೆ. ಬಿಡಿ ಕಡ್ಡಿ ಹನ್ನೆರಡಾಗುತ್ತವೆ. ಏಳು ಎತ್ತಿಟ್ಟರೆ ಐದು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಎತ್ತಿಟ್ಟರೆ ಎರಡು. ಇಪ್ಪತ್ತೈದು. ಹುಡುಗಿ ಕಡ್ಡಿಗಳನ್ನು ಕಣ್ಣ ಹತ್ತಿರ ಹಿಡಿದು, ಬೆರಳಿನಲ್ಲಿ ಮುಟ್ಟಿ ಎಣಿಸುತ್ತಾಳೆ. ಅವಳ ಮುಂದೆ ದಪ್ಪ ಅಕ್ಷರದಲ್ಲಿ ಲೆಕ್ಕ ಬರೆದ ಹಾಳೆಯಿದೆ. ಆ ಗುಂಪಿನಲ್ಲಿ ಯಾವ ನ್ಯೂನತೆಯೂ ಇಲ್ಲದ ಮಕ್ಕಳೂ ಇದ್ದಾರೆ. ಬೋರ್ಡಿನಲ್ಲಿ ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದಾಗ ಅರ್ಥವಾಗದೆ ತಲೆಯಾಡಿಸುತ್ತಿದ್ದವರು ಅವರು. ದಾರ ಬಿಚ್ಚಿದ ಮೇಲೆ ಅವರಿಗೂ ಸಾಲ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಈ ಅವಧಿಯಿಂದ ಆಗುವ ದೊಡ್ಡ ಲಾಭ ಆಮೇಲಿನದು. ಮೇಡಂ ಹೊರಟುಹೋಗುತ್ತಾರೆ, ಕಡ್ಡಿಯ ಕಟ್ಟು ಕಪಾಟಿನಲ್ಲಿ ಉಳಿಯುತ್ತದೆ. ಆ ಹುಡುಗನಿಗೆ ಹೇಗೆ ಹೇಳಿದರೆ ತಿಳಿಯುತ್ತದೆ, ಎಷ್ಟು ಹೊತ್ತು ಕಾಯಬೇಕು, ಹುಡುಗಿಯನ್ನು ಕಿಟಕಿಯ ಯಾವ ಪಕ್ಕಕ್ಕೆ ಕೂರಿಸಿದರೆ ಬೆಳಕು ಸರಿಯಾಗುತ್ತದೆ ಎಂಬುದನ್ನು ಮೇಷ್ಟ್ರು ಕಣ್ಣಾರೆ ನೋಡಿದ್ದಾರೆ. ಮೇಡಂ ಬಾರದ ದಿನಗಳಲ್ಲಿ ಅದನ್ನೇ ಮುಂದುವರಿಸುತ್ತಾರೆ. ಕಚೇರಿಯ ಮೂಲೆಯಲ್ಲಿ ಮಗುವನ್ನು ಕೂರಿಸಿ ಕಲಿಸಿದ್ದರೆ ಆ ವಿದ್ಯೆ ಮೇಡಂ ಜೊತೆಗೇ ಬಸ್ಸು ಹತ್ತಿ ಹೋಗಿಬಿಡುತ್ತಿತ್ತು.

ಇಂಥ ಒಂದು ಅವಧಿ ನಡೆಯಲು ಮುಖ್ಯ ಶಿಕ್ಷಕರು ಏನು ಮಾಡಿರಬೇಕು? ಮೊದಲಿಗೆ ದಿನ ಗೊತ್ತು ಮಾಡಿರಬೇಕು. ಎರಡನೇ ಮತ್ತು ನಾಲ್ಕನೇ ಮಂಗಳವಾರ ಎಂದಾದರೆ ಅದೇ. ದಿನ ಗೊತ್ತಿದ್ದರೆ ಮೇಷ್ಟ್ರು ಯಾವ ಪಾಠವನ್ನು ಆ ದಿನಕ್ಕೆ ಉಳಿಸಿಕೊಳ್ಳಬೇಕೆಂದು ಯೋಚಿಸುತ್ತಾರೆ. ಇನ್ನೊಂದು ಲಾಭವೂ ಇದೆ, ಅದನ್ನು ನಾವು ಗಮನಿಸುವುದೇ ಕಡಿಮೆ. ನಮ್ಮ ಕಡೆ ಎಷ್ಟೋ ತಾಯಂದಿರು ಕಾಯಿ ಸುಲಿಯುವ, ಕೊಬ್ಬರಿ ಕೆಲಸದ ಕೂಲಿಗೆ ಹೋಗುತ್ತಾರೆ. ‘ಮೇಡಂ ಬಂದಿದ್ದಾರೆ, ಈಗಲೇ ಬಾ’ ಎಂದು ಹೇಳಿ ಕಳಿಸಿದರೆ ಅರ್ಧ ಕೆಲಸದಿಂದ ಎದ್ದು ಬರುವುದು ಹೇಗೆ? ದಿನ ಮೊದಲೇ ತಿಳಿದಿದ್ದರೆ ಕೆಲಸಕ್ಕೆ ಕರೆದವರಿಗೆ ಹೇಳಿಟ್ಟು ಬರುತ್ತಾರೆ. ಮಗು ಮನೆಯಲ್ಲಿ ಏನು ಮಾಡುತ್ತದೆ, ಏನಕ್ಕೆ ಹೆದರುತ್ತದೆ, ರಾತ್ರಿ ನಿದ್ದೆ ಮಾಡುತ್ತದೆಯೇ, ಫಿಟ್ಸಿನ ಮಾತ್ರೆ ತಪ್ಪದೆ ತಗೊಳ್ಳುತ್ತಿದೆಯೇ ಎಂಬುದನ್ನೆಲ್ಲ ತಾಯಿಯಷ್ಟು ಬಲ್ಲವರು ಇನ್ನಾರು?

ಆಮೇಲೆ, ಇಬ್ಬರೂ ಕೂತು ಮಾತಾಡಲು ಅರ್ಧ ಗಂಟೆ. ಕೇಳುವುದಕ್ಕೆ ಸಣ್ಣ ಮಾತು, ಕೊಡುವುದು ಸುಲಭವಲ್ಲ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕರೂ ಬೋರ್ಡಿನ ಮುಂದೆ ನಿಲ್ಲಬೇಕು, ಬಿಸಿಯೂಟದ ಲೆಕ್ಕವನ್ನೂ ನೋಡಬೇಕು, ಆನ್‌ಲೈನಿನಲ್ಲಿ ಮಾಹಿತಿಯನ್ನೂ ತುಂಬಬೇಕು. ಆದರೂ ದಾರಿ ಇದೆ. ಆ ಅರ್ಧ ಗಂಟೆ ಮುಖ್ಯ ಶಿಕ್ಷಕರೇ ಎಲ್ಲ ಮಕ್ಕಳನ್ನೂ ಹಜಾರದಲ್ಲಿ ಕೂರಿಸಿ ಗ್ರಂಥಾಲಯದ ಪುಸ್ತಕ ಓದಿಸಬಹುದು, ಒಂದು ಕಥೆ ಹೇಳಬಹುದು. ಮುಖ್ಯ ಶಿಕ್ಷಕರು ಸ್ವತಃ ತರಗತಿ ಹಿಡಿದು ಸಹೋದ್ಯೋಗಿಗೆ ಬಿಡುವು ಮಾಡಿಕೊಟ್ಟರು ಎಂದರೆ, ಈ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಯೇ ಇಲ್ಲ.

ಪಾಠ ಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಇರಬೇಕು. ಮಗುವಿನ ವೈಯಕ್ತಿಕ ಶೈಕ್ಷಣಿಕ ಯೋಜನೆ ಸಂಪನ್ಮೂಲ ಶಿಕ್ಷಕರ ಬ್ಯಾಗಿನಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಅದರ ಒಂದು ಪ್ರತಿ ತರಗತಿಯಲ್ಲಿರಬೇಕು. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಆ ಮಗುವಿಗೆ ಏನು ದಾಖಲಿಸಬೇಕೆಂದು ಇಬ್ಬರೂ ಸೇರಿ ತೀರ್ಮಾನಿಸಬೇಕು. ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ: ಯಾರಾದರೂ ರಜೆಯಲ್ಲಿದ್ದಾರೆಂದು ಅಂದು ಬಂದ ಸಂಪನ್ಮೂಲ ಶಿಕ್ಷಕರನ್ನು ಇಡೀ ಐದನೇ ತರಗತಿ ಸುಮ್ಮನಿರಿಸಲು ಕಳಿಸಬೇಡಿ. ಬರುವುದೇ ಅಪರೂಪ, ಬಂದ ದಿನವೂ ಹಾಗೆ ಕಳೆದರೆ ಆ ಮಗುವಿಗೆ ಒಂದು ತಿಂಗಳೇ ಹೋದಂತೆ.

ಮಕ್ಕಳ ಎದುರು ಪರಿಚಯ ಮಾಡಿಕೊಡುವ ರೀತಿಯೂ ಮುಖ್ಯ. ‘ಇವರು ಮೂರ್ತಿಯ ಮೇಡಂ’ ಎಂದರೆ ಮೂರ್ತಿಗೂ ಕಷ್ಟ, ಮೇಡಂಗೂ ಕಷ್ಟ. ‘ಇವರೂ ನಿಮ್ಮ ತರಗತಿಯ ಶಿಕ್ಷಕರು’ ಎಂದು ಮುಖ್ಯ ಶಿಕ್ಷಕರು ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಸಲ ಹೇಳಿದರೆ ಸಾಕು, ಯಾವ ಮಗು ಬೇಕಾದರೂ ಅವರ ಹತ್ತಿರ ಹೋಗಿ ಲೆಕ್ಕ ಕೇಳುತ್ತದೆ.

ಒಂದರಿಂದ ಮೂರನೇ ತರಗತಿಯವರೆಗೆ ನಮಗೊಂದು ಅನುಕೂಲವಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿ ಅದು. ಅಲ್ಲಿ ಮಕ್ಕಳು ಗುಂಪು ಗುಂಪಾಗಿಯೇ ಕೂರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಕಡೆ, ಭಾಗಶಃ ನೆರವು ಸಾಕಾದವರು ಇನ್ನೊಂದು ಕಡೆ, ಗೆಳೆಯರ ಜೊತೆ ಕಲಿಯುವವರು, ತಾವೇ ಕಲಿಯುವವರು ಹೀಗೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಲ್ಲಿರುತ್ತದೆ. ಇಂಥ ಕೋಣೆಗೆ ಎರಡನೆಯ ಶಿಕ್ಷಕರು ಬಂದು ಚಾಪೆಯ ಮೇಲೆ ಕೂತರೆ ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ. ಪೂರ್ಣ ನೆರವಿನ ಗುಂಪನ್ನು ಒಬ್ಬರು, ಭಾಗಶಃ ನೆರವಿನ ಗುಂಪನ್ನು ಇನ್ನೊಬ್ಬರು ನೋಡಿಕೊಂಡು, ಅರ್ಧದಲ್ಲಿ ಅದಲು ಬದಲಾಗಬಹುದು. ಹೊರದೇಶದ ಪುಸ್ತಕಗಳು ಹೇಳುವ ಸಹಬೋಧನೆಗೆ ಬೇಕಾದ ಅರ್ಧ ಸಿದ್ಧತೆ ನಮ್ಮ ನಲಿಕಲಿ ಕೋಣೆಯಲ್ಲಿ ಮೊದಲೇ ಇದೆ ಎಂದು ನಾನು ನಂಬಿದ್ದೇನೆ. ತೊಂದರೆ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ. ಚಾಪೆ ಹೋಗಿ ಬೆಂಚು ಬರುತ್ತದೆ, ಎಲ್ಲರಿಗೂ ಒಂದೇ ಪುಟ, ಒಂದೇ ವೇಗ. ಮೂರನೇ ತರಗತಿಯವರೆಗೆ ಹೇಗೋ ಜೊತೆಯಲ್ಲಿ ಬಂದ ಮಗು ಅಲ್ಲಿ ಹಿಂದೆ ಬೀಳುತ್ತದೆ. ಸಂಪನ್ಮೂಲ ಶಿಕ್ಷಕರ ಸಮಯ ಹಂಚುವಾಗ ಮುಖ್ಯ ಶಿಕ್ಷಕರು ನಾಲ್ಕು ಮತ್ತು ಐದನೇ ತರಗತಿಗೆ ಹೆಚ್ಚು ಪಾಲು ಕೊಡಬೇಕೆಂದು ನಾನು ಹೇಳುವುದು ಇದಕ್ಕೇ.

ಶಾಲೆಯೊಳಗೆ ಮುಖ್ಯ ಶಿಕ್ಷಕರು ಏನೇ ಮಾಡಿದರೂ ತಾಲ್ಲೂಕು ಕಚೇರಿಯ ಆಸರೆ ಇಲ್ಲದಿದ್ದರೆ ನಿಲ್ಲುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕ್ಷೇತ್ರ ಸಮನ್ವಯಾಧಿಕಾರಿಗಳು ಸಂಪನ್ಮೂಲ ಶಿಕ್ಷಕರ ಕೆಲಸವನ್ನು ಅಳೆಯುವ ರೀತಿ ಬದಲಾಗಬೇಕು. ತಿಂಗಳಿಗೆ ಎಷ್ಟು ಶಾಲೆ ಸುತ್ತಿದಿರಿ ಎಂದು ಕೇಳಿದರೆ ಅವರು ಸುತ್ತುತ್ತಲೇ ಇರುತ್ತಾರೆ. ಯಾವ ಶಾಲೆಗೆ ಬಿಡದೆ ಹೋದಿರಿ, ಅಲ್ಲಿ ಯಾವ ಮೇಷ್ಟ್ರ ಜೊತೆ ಯಾವ ಪಾಠ ಮಾಡಿದಿರಿ ಎಂದು ಕೇಳಿದರೆ ಒಂದು ಕಡೆ ನಿಲ್ಲುತ್ತಾರೆ. ಬಸ್ಸಿನ ದಾರಿ ನೋಡಿ ಶಾಲೆ ಹಂಚಬೇಕು. ಯಳನಾಡು, ಕೆಂಕೆರೆಗಳನ್ನು ಹುಳಿಯಾರಿನ ಜೊತೆ ಸೇರಿಸಿ ಒಂದು ದಿನದ ಸುತ್ತು ಮಾಡಬಹುದು. ಒಂದೇ ದಿನ ಹಂದನಕೆರೆಯ ಕಡೆಗೂ ದಸೂಡಿಯ ಕಡೆಗೂ ಹೋಗಿ ಬನ್ನಿ ಎಂದರೆ ದಿನವೆಲ್ಲ ದಾರಿಯಲ್ಲೇ ಕಳೆಯುತ್ತದೆ. ಸಮೂಹ ಸಂಪನ್ಮೂಲ ವ್ಯಕ್ತಿಗಳು ನಡೆಸುವ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದಕ್ಕೆ ಹೋಗುವ ಹೊತ್ತಿನಲ್ಲಿ ಸ್ವಲ್ಪ ಉಳಿಸಿ, ಒಬ್ಬ ಮೇಷ್ಟ್ರು ಮತ್ತು ಒಬ್ಬ ಸಂಪನ್ಮೂಲ ಶಿಕ್ಷಕರು ಸೇರಿ ಮಾಡಿದ ಪಾಠವನ್ನು ಎಲ್ಲರೆದುರು ಮಾಡಿ ತೋರಿಸಲಿ. ನಾಲ್ಕು ಶಾಲೆಯವರು ನೋಡಿದರೆ ಇಬ್ಬರಾದರೂ ಮಾಡುತ್ತಾರೆ. ಬಿ.ಇಡ್., ಡಿ.ಇಡ್. ಓದುವಾಗ ಇಂಥ ಪಾಠ ನೋಡದೇ ಬಂದ ಶಿಕ್ಷಕರೇ ಹೆಚ್ಚು. ನೋಡದ್ದನ್ನು ಮಾಡು ಎಂದರೆ ಯಾರು ಮಾಡುತ್ತಾರೆ?

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ಅದಲ್ಲದೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಕ ಭತ್ಯೆ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗಳೂ ಇವೆ. ದೊಡ್ಡ ಮೊತ್ತವಲ್ಲ. ಹಾಗಿದ್ದರೂ ವಿಕಲಚೇತನರ ಗುರುತಿನ ಯು.ಡಿ.ಐ.ಡಿ. ಕಾರ್ಡು, ಬ್ಯಾಂಕ್ ಖಾತೆ, ವೈದ್ಯಕೀಯ ಶಿಬಿರದ ದಾಖಲೆ ಇವುಗಳಲ್ಲಿ ಒಂದು ಸರಿಯಿಲ್ಲದೆ ತಪ್ಪಿಹೋಗುವ ದುಡ್ಡು ಬಡ ಮನೆಗೆ ದೊಡ್ಡದೇ. ಬೆಂಗಾವಲು ಭತ್ಯೆ ತಪ್ಪಿ, ಮಗುವನ್ನು ಶಾಲೆಗೆ ಕರೆತರುವವರಿಲ್ಲದೆ ಸಂಪನ್ಮೂಲ ಶಿಕ್ಷಕರು ಬಂದ ದಿನವೇ ಅದು ಗೈರುಹಾಜರಾದರೆ ಇಬ್ಬರು ಶಿಕ್ಷಕರಿದ್ದೂ ಏನು ಬಂತು?

ಇಷ್ಟೆಲ್ಲ ಹೇಳುವಾಗ ಒಂದನ್ನು ಮುಚ್ಚಿಡಬಾರದು. ಎಲ್ಲ ಮಕ್ಕಳಿಗೂ ಹದಿನೈದು ದಿನಕ್ಕೊಮ್ಮೆ ಬರುವ ಶಿಕ್ಷಕರು ಸಾಲುವುದಿಲ್ಲ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಸಂಜ್ಞಾಭಾಷೆ ದಿನವೂ ಬೇಕು. ಪೂರ್ತಿ ಕಣ್ಣು ಕಾಣದ ಮಗುವಿಗೆ ಬ್ರೈಲ್ ದಿನವೂ ಬೇಕು. ಅಂಥ ಮಕ್ಕಳಿಗೆ ಕೆಲವು ವರ್ಷವಾದರೂ ವಿಶೇಷ ಶಾಲೆಯೇ ಒಳ್ಳೆಯದೆಂದು ತಂದೆತಾಯಿ ತೀರ್ಮಾನಿಸಿದರೆ ಅದು ತಪ್ಪಲ್ಲ. ಮನೆಯಿಂದ ಹೊರಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಅವರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಮುಖ ಮಾತ್ರ ಶಾಲೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಂಪನ್ಮೂಲ ಶಿಕ್ಷಕರು ಆ ಮನೆಗೆ ಹೋಗುವಾಗ ತರಗತಿಯ ಶಿಕ್ಷಕರನ್ನೂ ಒಂದೆರಡು ಸಲ ಜೊತೆಗೆ ಕಳಿಸುವುದು ಮುಖ್ಯ ಶಿಕ್ಷಕರಿಂದ ಆಗುವ ಕೆಲಸ. ಶಾಲಾ ವಾರ್ಷಿಕೋತ್ಸವಕ್ಕೆ, ಪ್ರತಿಭಾ ಕಾರಂಜಿಗೆ ಆ ಮಗುವನ್ನೂ ಕರೆತನ್ನಿ.

ಪ್ರೌಢಶಾಲೆಯವರಿಗೂ ಒಂದು ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಈ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆಯಲು ಲಿಪಿಕಾರರ ನೆರವು, ಕೆಲವರಿಗೆ ಭಾಷಾ ವಿಷಯದಲ್ಲಿ ವಿನಾಯಿತಿ ಸಿಗುತ್ತದೆ. ಇದು ದಯೆಯಲ್ಲ, 2016ರ ಕಾಯ್ದೆಯ 17ನೇ ಕಲಂನಲ್ಲೇ ಬರೆದಿರುವ ಹಕ್ಕು. ವೈದ್ಯಕೀಯ ಪ್ರಮಾಣಪತ್ರ ಸಮೇತ ಶಾಲೆಯಿಂದ ಅರ್ಜಿ ಹೊತ್ತಿಗೆ ಸರಿಯಾಗಿ ಹೋಗಬೇಕು. ಕಲಿಕಾ ನ್ಯೂನತೆಯಿರುವ ಮಗುವನ್ನು ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಗುರುತಿಸಿದರೆ ಏನು ಮಾಡಲು ಸಾಧ್ಯ? ಎಂಟನೇ ತರಗತಿಯಲ್ಲೇ ಕನ್ನಡ ಶಿಕ್ಷಕರೂ ಸಂಪನ್ಮೂಲ ಶಿಕ್ಷಕರೂ ಒಂದು ಅವಧಿ ಒಟ್ಟಿಗೆ ಕೂತು ಮಕ್ಕಳು ಓದುವುದನ್ನು ಕೇಳಿದರೆ, ಯಾರಿಗೆ ಅಕ್ಷರ ತಿರುಗುಮುರುಗಾಗುತ್ತಿದೆ ಎಂದು ಗೊತ್ತಾಗುತ್ತದೆ. ಸೋಮಾರಿ ಎಂದು ಬೈಸಿಕೊಳ್ಳುತ್ತಾ ಬಂದ ಎಷ್ಟೋ ಮಕ್ಕಳು ಸೋಮಾರಿಗಳೇ ಅಲ್ಲ.

ಕೊನೆಯದಾಗಿ ತಂದೆತಾಯಂದಿರಿಗೆ, ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್.ಡಿ.ಎಂ.ಸಿ.ಯ ಸದಸ್ಯರಿಗೆ ಒಂದು ವಿನಂತಿ. ನಿಮ್ಮ ಮಗುವಿಗೆ ಯಾವ ನ್ಯೂನತೆಯೂ ಇಲ್ಲದಿರಬಹುದು. ಆದರೂ ಇದು ನಿಮ್ಮ ಶಾಲೆಯ ಕೆಲಸ. ಮುಂದಿನ ಎಸ್.ಡಿ.ಎಂ.ಸಿ. ಸಭೆಯಲ್ಲಿ ಎದ್ದು ನಿಂತು ಇಷ್ಟೇ ಕೇಳಿ: ನಮ್ಮ ಶಾಲೆಗೆ ಸಂಪನ್ಮೂಲ ಶಿಕ್ಷಕರು ಯಾವ ದಿನ ಬರುತ್ತಾರೆ, ಯಾವ ಅವಧಿಯಲ್ಲಿ, ಯಾರ ಜೊತೆ ಪಾಠ ಮಾಡುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ದಿನ ಗೊತ್ತಾಗಿಲ್ಲ ಎಂದರೆ ಅದನ್ನೂ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿ.